ಮಗಳು ಹೇಳಿದ್ದು ಸರಿ, ‘ನೈಸ್’ ಒಂದು ಕಾಲಕ್ಕೆ ಬೈಗುಳವೇ

ಪ್ರಶ್ನೆ: ಮೇಡಂ, ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿದೆ. ‘ಹಳೆ ಇಂಗ್ಲಿಷ್‌ನಲ್ಲಿ ಈ ಪದಗಳ ಅರ್ಥವೇ ಬೇರೆ’ ಅಂತ ಶುರುವಾಗುತ್ತದೆ. ನೈಸ್ ಅಂದರೆ ದಡ್ಡ, ಸಿಲ್ಲಿ ಅಂದರೆ ಪುಣ್ಯವಂತ, ಗರ್ಲ್ ಅಂದರೆ ಗಂಡು ಮಗುವೂ ಆಗಬಹುದು, ಲಾರ್ಡ್ ಅಂದರೆ ರೊಟ್ಟಿ ಕಾಯುವವನು, ಡೀರ್ ಅಂದರೆ ಯಾವ ಪ್ರಾಣಿಯಾದರೂ ಸರಿ, ಪಾಶ್ ಬಂದದ್ದು ಹಡಗಿನ ಟಿಕೆಟ್‌ನಿಂದ, ನ್ಯೂಸ್ ಬಂದದ್ದು ನಾಲ್ಕು ದಿಕ್ಕುಗಳ ಮೊದಲಕ್ಷರದಿಂದ. ಎಂಟನೇ ಕ್ಲಾಸಿನ ಮಗಳು ಅವತ್ತಿನಿಂದ ನನಗೆ ‘ಯು ಆರ್ ಸೋ ನೈಸ್ ಅಪ್ಪಾ’ ಅಂತ ಹೇಳಿ ನಗುತ್ತಾಳೆ. ಇದರಲ್ಲಿ ಎಷ್ಟು ನಿಜ? ನಿಜವೇ ಆದರೆ ಪದದ ಅಸಲಿ ಅರ್ಥ ಯಾವುದು, ಹಳೆಯದೋ ಈಗಿನದೋ?

ಉತ್ತರ: ಏಳರಲ್ಲಿ ಐದು ನಿಜ. ಕೊನೆಯ ಎರಡು ಬುರುಡೆ. ತಲೆಬರಹವೂ ಅರ್ಧ ತಪ್ಪು, ಮೊದಲು ಅದನ್ನೇ ಮುಗಿಸಿಬಿಡುತ್ತೇನೆ.

‘ಹಳೆ ಇಂಗ್ಲಿಷ್’ ಅಂದರೆ ಜಾಸ್ತಿ ಜನ ಶೇಕ್ಸ್‌ಪಿಯರ್ ಅಂದುಕೊಳ್ಳುತ್ತಾರೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ, ಪ್ರತಿ ವರ್ಷವೂ ಇದನ್ನು ತಿದ್ದಿದ್ದೇನೆ. ನಮ್ಮಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಇದ್ದ ಹಾಗೆ ಅಲ್ಲೂ ಮೂರು ಕಾಲಗಳಿವೆ. ಸುಮಾರು 5ನೇ ಶತಮಾನದಿಂದ 12ನೇ ಶತಮಾನದ ಮಧ್ಯದವರೆಗೆ ಹಳೆ ಇಂಗ್ಲಿಷ್, ಆಮೇಲೆ 1500ರ ಸುಮಾರಿನವರೆಗೆ ನಡು ಇಂಗ್ಲಿಷ್, ಅಲ್ಲಿಂದ ಈಚೆಗೆ ಹೊಸದು. 1564ರಲ್ಲಿ ಹುಟ್ಟಿದ ಶೇಕ್ಸ್‌ಪಿಯರ್ ಬರೆದದ್ದು ಹೊಸ ಇಂಗ್ಲಿಷ್‌ನಲ್ಲೇ. ನಮ್ಮ ಪಂಪ 10ನೇ ಶತಮಾನದಲ್ಲಿ ಬರೆಯುತ್ತಿದ್ದಾಗ ಅಲ್ಲಿ ಆಡುತ್ತಿದ್ದರಲ್ಲ, ಅದು ಅಸಲಿ ಹಳೆ ಇಂಗ್ಲಿಷ್. ಅದನ್ನು ಇವತ್ತಿನ ಇಂಗ್ಲಿಷರ ಕೈಗೆ ಕೊಟ್ಟರೆ, ನಮ್ಮ ಹುಡುಗರ ಕೈಗೆ ಪಂಪನ ಪದ್ಯ ಕೊಟ್ಟಾಗ ಅವರ ಮುಖ ಹೇಗಾಗುತ್ತದೋ ಹಾಗೇ ಆಗುತ್ತದೆ.

ಅಕ್ಷರಗಳೂ ಬೇರೆ ಇದ್ದವು. ನಮ್ಮ ಬಾಳೆ ಒಮ್ಮೆ ‘ಬಾೞೆ’ ಆಗಿತ್ತು, ಆ ೞ ಅಕ್ಷರ ಈಗ ಇಲ್ಲ ಅಲ್ವಾ? ಹಾಗೇ ಅವರಲ್ಲಿ ‘ಥ’ ಸದ್ದಿಗೆ ಥಾರ್ನ್ ಅಂತ ಒಂದು ಅಕ್ಷರ ಇತ್ತು. ಬರೆಯುತ್ತಾ ಬರೆಯುತ್ತಾ ಅದು ವೈ ಅಕ್ಷರದ ಹಾಗೆ ಕಾಣತೊಡಗಿತು, ಅಚ್ಚಿನವರೂ ಅದರ ಜಾಗದಲ್ಲಿ ವೈ ಮೊಳೆಯನ್ನೇ ಜೋಡಿಸಿದರು. ಹಳೇ ಕಾಲದ ಗತ್ತು ತೋರಿಸಲು ಕೆಲವು ಹೋಟೆಲಿನವರು ಬೋರ್ಡಿನಲ್ಲಿ ‘ಯೀ ಓಲ್ಡ್’ ಅಂತ ಬರೆಸುತ್ತಾರಲ್ಲ, ಅದು ಯಾವತ್ತೂ ‘ಯೀ’ ಆಗಿರಲಿಲ್ಲ. ಓದುತ್ತಿದ್ದುದು ಸುಮ್ನೆ ‘ದಿ’ ಅಂತಲೇ.

ಈಗ ನಿಮ್ಮ ಮಗಳ ನೈಸ್‌ಗೆ ಬರುತ್ತೇನೆ. ಇದು ಹಳೆ ಇಂಗ್ಲಿಷ್ ಪದವೇ ಅಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಅವರ ಫ್ರೆಂಚ್ ಮಾತಿನಿಂದ ಸಾವಿರಾರು ಪದಗಳು ಇಂಗ್ಲಿಷ್‌ಗೆ ಬಂದವು, ನೈಸ್ ಅದರಲ್ಲಿ ಒಂದು. ಅದರ ಬೇರು ಲ್ಯಾಟಿನ್‌ನ ‘ನೆಸ್ಕಿಯುಸ್’. ‘ನೆ’ ಅಂದರೆ ಇಲ್ಲ, ‘ಸ್ಕಿರೆ’ ಅಂದರೆ ತಿಳಿ. ಒಟ್ಟಿನಲ್ಲಿ ತಿಳಿಯದವನು. ಸೈನ್ಸ್ ಅನ್ನುವ ಪದವೂ ಇದೇ ‘ಸ್ಕಿರೆ’ಯಿಂದ ಬಂದದ್ದು, ಹಾಗಾಗಿ ಸೈನ್ಸ್ ಮತ್ತು ನೈಸ್ ದಾಯಾದಿಗಳು, ಒಬ್ಬ ತಿಳಿದವನು, ಇನ್ನೊಬ್ಬ ತಿಳಿಯದವನು. 1300ರ ಸುಮಾರಿಗೆ ಇಂಗ್ಲಿಷ್‌ನಲ್ಲಿ ಒಬ್ಬರನ್ನು ನೈಸ್ ಅಂದರೆ ಪೆದ್ದ ಅಂದ ಹಾಗೇ. ಆಮೇಲೆ ಅದು ಅತಿ ನಾಜೂಕಿನವನಿಗೆ, ಊಟ ಬಟ್ಟೆಯಲ್ಲಿ ಸಿಕ್ಕಾಪಟ್ಟೆ ತಕರಾರು ತೆಗೆಯುವವನಿಗೆ ಅಂಟಿತು. ತಕರಾರಿನವನು ಸಣ್ಣ ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತಾನೆ ತಾನೆ? ಅಲ್ಲಿಂದ ‘ಸೂಕ್ಷ್ಮ’ ಅನ್ನುವ ಅರ್ಥ ಬಂತು. ಈಗಲೂ ಎರಡು ಮಾತಿನ ನಡುವಿನ ಕೂದಲೆಳೆಯ ವ್ಯತ್ಯಾಸಕ್ಕೆ ‘ನೈಸ್ ಡಿಸ್ಟಿಂಕ್ಷನ್’ ಅನ್ನುತ್ತಾರೆ. ಸೂಕ್ಷ್ಮವಾದದ್ದು ಚೆಂದ, ಚೆಂದವಾದದ್ದು ಹಿತ. ಹೀಗೆ ಹಂತ ಹಂತವಾಗಿ ಹತ್ತಿ 18ನೇ ಶತಮಾನದಲ್ಲಿ ಈಗಿನ ‘ಒಳ್ಳೆಯದು’ ಆಯಿತು. ಆದ ಮೇಲೆ ಜನ ಅದನ್ನು ಎಲ್ಲದಕ್ಕೂ ಬಳಸಿದರು. ಎಷ್ಟೆಂದರೆ ಜೇನ್ ಆಸ್ಟನ್‌ಳ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ ಹೆನ್ರಿ ಅನ್ನುವವನು, ಪುಸ್ತಕವೂ ನೈಸ್, ದಿನವೂ ನೈಸ್, ವಾಕಿಂಗೂ ನೈಸ್, ಹುಡುಗಿಯರೂ ನೈಸ್ ಅಂತ ಗೇಲಿ ಮಾಡುತ್ತಾನೆ. ನಮ್ಮ ‘ಸೂಪರ್’ ಹಾಗೆ.

ದಡ್ಡನಿಂದ ಒಳ್ಳೆಯವನವರೆಗೆ ಒಂದು ಪದ ಹತ್ತಿ ಹೋಗಲು ಸಾಧ್ಯವಾ ಅಂತ ಅನುಮಾನವೇ? ನಮ್ಮ ‘ಮುಗ್ಧ’ ನೋಡಿ. ಸಂಸ್ಕೃತದ ‘ಮುಹ್’ ಅನ್ನುವ ಧಾತು, ಅಂದರೆ ದಿಕ್ಕು ತಪ್ಪು, ಮಂಕು ಕವಿ. ಮೋಹ ಬಂದದ್ದು ಅದರಿಂದಲೇ. ಅದೇ ಧಾತುವಿಗೆ ಅವಳಿ ಮಕ್ಕಳಿದ್ದ ಹಾಗೆ ಎರಡು ರೂಪ, ಒಂದು ಮೂಢ, ಇನ್ನೊಂದು ಮುಗ್ಧ. ಮೂಢ ಹಾಗೇ ಕೆಳಗೆ ಉಳಿದ. ಮುಗ್ಧ ಮಾತ್ರ ಪೆದ್ದುತನದಿಂದ ಎದ್ದು ಏನೂ ಅರಿಯದ, ಕಪಟವಿಲ್ಲದ, ನೋಡಿದರೆ ಮುದ್ದು ಬರುವ ಮನುಷ್ಯ ಆಗಿಬಿಟ್ಟ. ‘ಮುಗ್ಧ ನಗು’ ಅಂತ ಬರೆಯುವವರು ಯಾರೂ ಮಂಕು ನಗು ಅಂದುಕೊಂಡು ಬರೆಯುವುದಿಲ್ಲ.

ಸಿಲ್ಲಿಯದು ಇದರ ಉಲ್ಟಾ ದಾರಿ, ಮತ್ತು ನನಗೆ ಇದೇ ಜಾಸ್ತಿ ಇಷ್ಟ. ಇದು ನಿಜಕ್ಕೂ ಹಳೆ ಇಂಗ್ಲಿಷ್ ಪದ. ಆಗ ‘ಸ್ಯಾಲಿಗ್’ ಅಂದರೆ ಸುಖಿ, ದೇವರ ದಯೆ ಪಡೆದವನು. ಜರ್ಮನ್‌ನಲ್ಲಿ ಅದರ ಸೋದರ ಪದ ‘ಸೇಲಿಗ್’ ಇವತ್ತಿಗೂ ಧನ್ಯ ಅನ್ನುವ ಅರ್ಥದಲ್ಲೇ ಇದೆ. ಇಂಗ್ಲಿಷ್‌ನಲ್ಲಿ ಮಾತ್ರ ಅದು ಜಾರುತ್ತಾ ಹೋಯಿತು. ದೇವರ ದಯೆ ಇರುವವನು ನಿಷ್ಪಾಪಿ. ನಿಷ್ಪಾಪಿ ಸುಲಭವಾಗಿ ಮೋಸ ಹೋಗುತ್ತಾನೆ. ಮೋಸ ಹೋದವನನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಹಳೇ ಪದ್ಯಗಳಲ್ಲಿ ಕುರಿಗಳನ್ನು ಸಿಲ್ಲಿ ಅನ್ನುತ್ತಿದ್ದದ್ದು ಈ ಅರ್ಥದಲ್ಲಿ, ದಿಕ್ಕಿಲ್ಲದ ಬಡಪಾಯಿಗಳು ಅಂತ. ಅಲ್ಲಿಂದ ಇನ್ನೊಂದೇ ಮೆಟ್ಟಿಲು. 16ನೇ ಶತಮಾನದ ಕೊನೆಯ ಹೊತ್ತಿಗೆ ಪೆದ್ದ ಆಗಿದ್ದಾಯಿತು.

ಇಲ್ಲೂ ದೂರ ಹೋಗಬೇಕಿಲ್ಲ. ‘ಪಾಪ’ ಅಂದರೆ ಮಾಡಬಾರದ ಕೆಲಸ. ಆದರೆ ಬಸ್ಸಿನಲ್ಲಿ ಯಾರಾದರೂ ಎಡವಿ ಬಿದ್ದರೆ ‘ಅಯ್ಯೋ ಪಾಪ’ ಅನ್ನುತ್ತೇವೆ, ಅವರು ಏನೋ ಪಾಪ ಮಾಡಿದ್ದಾರೆ ಅಂತ ಅಲ್ಲ. ಕರಾವಳಿ ಕಡೆಗೆ ಹೋದರೆ ‘ಅವ ಪಾಪದವ ಮಾರಾಯ್ರೇ’ ಅಂದರೆ ಏನೂ ಗೊತ್ತಾಗದ ಸಾಧು ಅಂತ. ‘ದೇವರಂಥ ಮನುಷ್ಯ’ ಅಂತ ಹೊಗಳುವಾಗಲೂ ಕೆಲವೊಮ್ಮೆ ದನಿಯಲ್ಲಿ ಸಣ್ಣಗೆ ‘ವ್ಯವಹಾರ ಗೊತ್ತಿಲ್ಲ’ ಅನ್ನುವುದು ಇಣುಕುತ್ತದೆ. ಒಳ್ಳೆಯವನು ಮತ್ತು ದಡ್ಡ, ಇಬ್ಬರ ಮನೆಗೂ ಒಂದೇ ಓಣಿ. ಪದಗಳು ಆ ಓಣಿಯಲ್ಲಿ ಎರಡೂ ಕಡೆಗೆ ಓಡಾಡುತ್ತವೆ.

ಲಾರ್ಡ್ ರೊಟ್ಟಿ ಕಾಯುವವನು ಅನ್ನುವುದೂ ನಿಜ. ಹಳೆ ರೂಪ ‘ಹ್ಲಾಫ್‌ವೆಯರ್ಡ್’. ಈ ‘ಹ್ಲಾಫ್’ ನಾವು ಬ್ರೆಡ್ ಅಂಗಡಿಯಲ್ಲಿ ಕೇಳುವ ಲೋಫ್, ‘ವೆಯರ್ಡ್’ ಅಂದರೆ ಕಾಯುವವನು. ಲೇಡಿ ಕೂಡ ಇದೇ ಅಡುಗೆಮನೆಯವಳು, ‘ಹ್ಲ್ಯಾವ್‌ಡಿಯೆ’, ರೊಟ್ಟಿಯ ಹಿಟ್ಟು ನಾದುವವಳು. ಅವರ ಆಶ್ರಯದಲ್ಲಿ ಬದುಕುವ ಆಳಿಗೂ ಒಂದು ಪದ ಇತ್ತು, ‘ಹ್ಲಾಫ್‌ಯಾಟ’, ರೊಟ್ಟಿ ತಿನ್ನುವವನು. ಕೆಂಟ್ ಪ್ರಾಂತ್ಯದ ದೊರೆ ಏಥೆಲ್‌ಬರ್ಟ್‌ನ ಕಾನೂನುಗಳಲ್ಲಿ ಈ ಪದ ಬರುತ್ತದೆ, 600ರ ಸುಮಾರಿನ ಮಾತು. ಹಾಗಾಗಿ ಯಜಮಾನ, ಯಜಮಾನಿ, ಆಳು, ಮೂವರನ್ನೂ ರೊಟ್ಟಿಯ ಲೆಕ್ಕದಲ್ಲೇ ಹೆಸರಿಸಿದ್ದರು. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಾರದು. ಹಳಗನ್ನಡದಲ್ಲಿ ‘ಜೋಳವಾಳಿ’ ಅಂತ ಇದೆ, ಒಡೆಯನ ಜೋಳ ಉಂಡದ್ದಕ್ಕೆ ಯುದ್ಧದಲ್ಲಿ ತೀರಿಸುವ ಋಣ. ಕಾಳು ಯಾರ ಕೈಯಲ್ಲಿದೆಯೋ ಅವನೇ ಒಡೆಯ. ಲಂಡನ್‌ನ ಹೌಸ್ ಆಫ್ ಲಾರ್ಡ್ಸ್ ಟಿವಿಯಲ್ಲಿ ಕಂಡಾಗಲೆಲ್ಲ ನನಗೆ ರೊಟ್ಟಿ ಡಬ್ಬದ ಬೀಗದ ಕೈ ಹಿಡಿದವರ ಸಾಲು ಅನ್ನಿಸಿ ನಗು ಬರುತ್ತದೆ.

ಡೀರ್ ಕತೆಗೆ ಕನ್ನಡದಲ್ಲಿ ಇನ್ನೂ ಒಳ್ಳೆ ಜೋಡಿ ಇದೆ. ಹಳೆ ಇಂಗ್ಲಿಷ್‌ನ ‘ಡೇಓರ್’ ಅಂದರೆ ಪ್ರಾಣಿ, ಅಷ್ಟೇ. ಜರ್ಮನ್‌ನ ‘ಟೀರ್’ ಈಗಲೂ ಪ್ರಾಣಿಯೇ. ‘ಕಿಂಗ್ ಲಿಯರ್’ ನಾಟಕದಲ್ಲಿ ಹುಚ್ಚನ ವೇಷದ ಎಡ್ಗರ್, ಇಲಿ ಹೆಗ್ಗಣ ಮತ್ತು ಅಂಥ ಸಣ್ಣ ಡೀರ್‌ಗಳೇ ತನ್ನ ಊಟ ಅನ್ನುತ್ತಾನೆ. ಜಿಂಕೆ ಅಂದುಕೊಂಡರೆ ಆ ಸಾಲು ಅರ್ಥವೇ ಆಗುವುದಿಲ್ಲ. ಈಗ ‘ಮೃಗ’ ತಗೊಳ್ಳಿ. ಮೃಗಾಲಯದಲ್ಲಿ ಎಲ್ಲ ಪ್ರಾಣಿಯೂ ಇರುತ್ತದೆ, ಮೃಗರಾಜ ಅಂದರೆ ಸಿಂಹ. ಆದರೆ ಮೃಗನಯನಿ? ಹುಲಿಗಣ್ಣಿನವಳಲ್ಲ, ಜಿಂಕೆಗಣ್ಣಿನವಳು. ಮೃಗಶಿರಾ ನಕ್ಷತ್ರ ಅಂದರೂ ಜಿಂಕೆಯ ತಲೆ. ಎರಡೂ ಭಾಷೆಯಲ್ಲಿ ಹೀಗಾಗಲು ಬೇಟೆಯೇ ಕಾರಣ. ‘ಮೃಗಯಾ’ ಅಂದರೇ ಬೇಟೆ. ಬೇಟೆಗೆ ಹೋದವನಿಗೆ ‘ಪ್ರಾಣಿ’ ಅಂದರೆ ಎದುರಿಗೆ ಓಡುವ ಜಿಂಕೆ ತಾನೆ. ಇಂಗ್ಲಿಷ್‌ನಲ್ಲಿ ಫ್ರೆಂಚ್‌ನಿಂದ ಬೀಸ್ಟ್, ಲ್ಯಾಟಿನ್‌ನಿಂದ ಆನಿಮಲ್ ಬಂದು ದೊಡ್ಡ ಅರ್ಥವನ್ನು ಕಿತ್ತುಕೊಂಡ ಮೇಲೆ ಡೀರ್‌ಗೆ ಉಳಿದದ್ದು ಜಿಂಕೆಯೊಂದೇ. ನಮ್ಮಲ್ಲಿ ಮೃಗ ಎರಡನ್ನೂ ಇಟ್ಟುಕೊಂಡು ಆರಾಮಾಗಿದೆ.

ಹೀಗೇ ಕುಗ್ಗಿದ ಇನ್ನೊಂದು ಪದ ಮೀಟ್. ಮೊದಲು ಅದು ಯಾವುದೇ ಊಟ, ತಿಂಡಿ. ಮಿಠಾಯಿಗೆ ಸ್ವೀಟ್‌ಮೀಟ್ ಅಂತ ಹಳೇ ಪುಸ್ತಕಗಳಲ್ಲಿ ಕಂಡು ಗಾಬರಿಯಾದ ಸಸ್ಯಾಹಾರಿ ವಿದ್ಯಾರ್ಥಿಗಳು ನನಗೆ ಸಿಕ್ಕಿದ್ದಾರೆ. ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಇದೆ, ಫಾರ್ವರ್ಡಿನಲ್ಲಿ ಇಲ್ಲದಿದ್ದರೂ ಹೇಳಲೇಬೇಕು. 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಮುನ್ನುಡಿಯಲ್ಲಿ ಇದನ್ನು ಬರೆದಿದ್ದಾನೆ. ಕೆಲವು ವ್ಯಾಪಾರಿಗಳ ಹಡಗು ಗಾಳಿಯಿಲ್ಲದೆ ಕೆಂಟ್ ತೀರದಲ್ಲಿ ನಿಂತಿತು. ಅವರಲ್ಲೊಬ್ಬ ಹತ್ತಿರದ ಮನೆಗೆ ಹೋಗಿ ‘ಮೀಟ್’ ಕೇಳಿದ, ಅಂದರೆ ತಿನ್ನಲು ಏನಾದರೂ, ಅದರಲ್ಲೂ ‘ಎಗ್ಸ್’ ಬೇಕು ಅಂದ. ಮನೆಯಾಕೆ ‘ನನಗೆ ಫ್ರೆಂಚ್ ಬರೋದಿಲ್ಲ’ ಅಂದಳು. ಅವನಿಗೆ ಸಿಟ್ಟು, ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಮೊಟ್ಟೆ ಬೇಕಿತ್ತು ಅಷ್ಟೇ. ಕೊನೆಗೆ ಇನ್ನೊಬ್ಬ ‘ಐರೆನ್’ ಅಂದಾಗ ಆಕೆಗೆ ಅರ್ಥವಾಯಿತು.

ಇಬ್ಬರೂ ಆಡಿದ್ದು ಇಂಗ್ಲಿಷೇ. ‘ಐರೆನ್’ ನೆಲದ ಹಳೇ ಪದ. ‘ಎಗ್’ ಬಂದದ್ದು ವೈಕಿಂಗರ ನಾರ್ಸ್ ಭಾಷೆಯಿಂದ. ಡೆನ್ಮಾರ್ಕ್, ನಾರ್ವೆ ಕಡೆಯ ಈ ಜನ ಮೊದಲು ಲೂಟಿಗೆ ಬಂದು, ಆಮೇಲೆ ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ಮನೆ ಮಾಡಿ, ಭಾಷೆಯೊಳಗೇ ಸೇರಿಹೋದರು. ಸ್ಕೈ, ನೈಫ್, ಹಸ್ಬೆಂಡ್, ಕೊನೆಗೆ ‘ದೇ’ ಅನ್ನುವ ಸರ್ವನಾಮವೂ ಅವರದೇ. ವಿಂಡೋ ಕೂಡ ಅವರದು, ‘ವಿಂಡ್‌ಔಗ’, ಗಾಳಿಯ ಕಣ್ಣು. ನಮ್ಮ ಗವಾಕ್ಷಿಯನ್ನು ಬಿಡಿಸಿದರೆ ಗೋವಿನ ಕಣ್ಣು ಸಿಗುತ್ತದೆ. ಗೋಡೆಯಲ್ಲಿ ಒಂದು ತೂತು ಕಂಡರೆ ಮನುಷ್ಯನಿಗೆ ಕಣ್ಣೇ ನೆನಪಾಗುತ್ತದೆ ಅಂತ ಕಾಣುತ್ತದೆ.

ಗರ್ಲ್ ಬಗ್ಗೆ ಚುಟುಕಾಗಿ. ಇದು ನಡು ಇಂಗ್ಲಿಷ್ ಕಾಲದ್ದು. 1300ರ ಸುಮಾರಿಗೆ ಮಗು ಗಂಡಾಗಲಿ ಹೆಣ್ಣಾಗಲಿ ಗರ್ಲ್. ಗಂಡು ಅಂತ ಬಿಡಿಸಿ ಹೇಳಬೇಕಾದರೆ ‘ನೇವ್ ಗರ್ಲ್’ ಅನ್ನುತ್ತಿದ್ದರು. ಈ ನೇವ್ ಅಂದರೆ ಹುಡುಗ. ಆಮೇಲೆ ಅವನು ಮನೆಗೆಲಸದ ಹುಡುಗನಾದ, ಕೊನೆಗೆ ಠಕ್ಕನಾದ. ಅದೇ ಕಾಲಕ್ಕೆ ಇನ್ನೊಬ್ಬ ಹುಡುಗನೂ ಇದ್ದ, ‘ಕ್ನಿಹ್ತ್’. ಇವತ್ತಿನ ನೈಟ್, ರಾತ್ರಿಯಲ್ಲ, ಕುದುರೆ ಏರುವ ವೀರ. ಅವನೂ ಆಳೇ. ಆದರೆ ರಾಜನ ಆಳಾಗಿ, ಕುದುರೆ ಹತ್ತಿ, ಸರ್ ಅನ್ನಿಸಿಕೊಂಡ. ಜರ್ಮನ್‌ನಲ್ಲಿ ಅವನ ಅಣ್ಣ ‘ಕ್ನೆಖ್ತ್’ ಇನ್ನೂ ಆಳಾಗೇ ಇದ್ದಾನೆ. ಬರೆಯುವಾಗ ಇರುವ ಆ ಮೂಕ ಕೆ ಅಕ್ಷರ ಮಕ್ಕಳನ್ನು ಸತಾಯಿಸಲು ಇಟ್ಟದ್ದಲ್ಲ, ಹಿಂದೆ ಅದನ್ನು ಬಾಯಿ ಬಿಟ್ಟು ಹೇಳುತ್ತಿದ್ದರು. ಅಚ್ಚಿನವರು ಕಾಗುಣಿತವನ್ನು ಗಟ್ಟಿ ಮಾಡಿದರು, ನಾಲಿಗೆ ಮುಂದೆ ಹೋಯಿತು.

ಪದಗಳು ಹತ್ತುವುದು ಇಳಿಯುವುದು ಸುಮ್ನೆ ಆಗುವುದಿಲ್ಲ ಅನ್ನುವುದಕ್ಕೆ ವಿಲನ್ ಸಾಕ್ಷಿ. ಅವನು ಮೊದಲು ಜಮೀನ್ದಾರನ ಹೊಲದಲ್ಲಿ ದುಡಿಯುವ ರೈತ. ಲ್ಯಾಟಿನ್‌ನಲ್ಲಿ ವಿಲ್ಲಾ ಅಂದರೆ ತೋಟದ ಮನೆ. ಆ ರೈತ ಯಾವ ತಪ್ಪೂ ಮಾಡಲಿಲ್ಲ, ಬರೆಯುವ ಕೈ ಮಾತ್ರ ಪೇಟೆಯವರದಾಗಿತ್ತು, ಅರಮನೆಯವರದಾಗಿತ್ತು. ನಾವೇನು ಕಮ್ಮಿ ಇಲ್ಲ. ಗಮಾರ ಅಂದರೆ ಮೂಲದಲ್ಲಿ ಹಳ್ಳಿಯವನು, ಅಷ್ಟೇ. ಗ್ರಾಮ್ಯ ಅಂದರೆ ಒರಟು. ನಗರದವನು ಮಾತ್ರ ನಾಗರಿಕ!

ಇನ್ನು ಬುರುಡೆಗಳು. ಪಾಶ್ ಕತೆ ಎಲ್ಲರಿಗೂ ಇಷ್ಟ, ಏಕೆಂದರೆ ಅದರಲ್ಲಿ ಭಾರತ ಇದೆ. ಇಂಗ್ಲೆಂಡಿನಿಂದ ಇಲ್ಲಿಗೆ ಬರುವಾಗ ಹಡಗಿನ ಎಡಗಡೆ ನೆರಳು, ವಾಪಸ್ ಹೋಗುವಾಗ ಬಲಗಡೆ, ದುಡ್ಡಿದ್ದವರು ಆ ಕಡೆಯ ಕೋಣೆಗಳನ್ನೇ ಹಿಡಿಯುತ್ತಿದ್ದರು, ಅವರ ಟಿಕೆಟ್ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಅನ್ನುವುದರ ನಾಲ್ಕು ಅಕ್ಷರ ಒತ್ತುತ್ತಿದ್ದರು ಅಂತ. ಚೆಂದದ ಕತೆ. ಆದರೆ ಅಂಥ ಮುದ್ರೆ ಇರುವ ಒಂದೇ ಒಂದು ಟಿಕೆಟ್ ಇವತ್ತಿನವರೆಗೆ ಸಿಕ್ಕಿಲ್ಲ. ಪದ ಚಾಲ್ತಿಗೆ ಬಂದು ವರ್ಷಗಳಾದ ಮೇಲೆ, 1930ರ ದಶಕದಲ್ಲಿ ಈ ಕತೆ ಕಾಣಿಸುತ್ತದೆ. ತಮಾಷೆ ಏನೆಂದರೆ, ಪಾಶ್‌ಗೆ ಭಾರತದ ನಂಟು ಬೇರೆ ದಾರಿಯಲ್ಲಿ ಇರಬಹುದು. ರೋಮಾನಿ ಜನರ ಮಾತಿನಲ್ಲಿ ‘ಪಾಶ್’ ಅಂದರೆ ಅರ್ಧ, ಅದರಿಂದ ಅರ್ಧ ಪೆನ್ನಿ, ಅದರಿಂದ ದುಡ್ಡು ಅಂತ ಕೆಲವರ ಊಹೆ. ಆ ಜನ ಸಾವಿರ ವರ್ಷದ ಹಿಂದೆ ನಮ್ಮ ದೇಶದ ಕಡೆಯಿಂದಲೇ ಹೋದವರು. ಊಹೆ ಅಷ್ಟೇ, ಫಾರ್ವರ್ಡ್ ಮಾಡಬೇಡಿ.

ನ್ಯೂಸ್ ಅಂತೂ ನ್ಯೂ ಪದದ ಬಹುವಚನ, ‘ಹೊಸವು’ ಅಂದ ಹಾಗೆ. ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಎಲ್ಲ ಆಮೇಲೆ ಜೋಡಿಸಿದ್ದು. ಮೊದಲಕ್ಷರ ಸೇರಿಸಿ ಪದ ಕಟ್ಟುವುದು ಬಹುಮಟ್ಟಿಗೆ 20ನೇ ಶತಮಾನದ ಚಟ. ಅದಕ್ಕಿಂತ ಹಳೇ ಪದಕ್ಕೆ ಯಾರಾದರೂ ಹಾಗೆ ವಿವರಣೆ ಕೊಟ್ಟರೆ ಹುಷಾರಾಗಿ. ಹಾಗಂತ ಕತೆಯೆಲ್ಲ ಸುಳ್ಳೂ ಅಲ್ಲ. ‘ಗುಡ್‌ಬೈ’ ಅಂದರೆ ‘ಗಾಡ್ ಬಿ ವಿತ್ ಯೀ’, ದೇವರು ನಿನ್ನ ಜೊತೆಗಿರಲಿ, ಅದನ್ನೇ ಸವೆಸಿ ಸವೆಸಿ ಹೀಗಾಯಿತು ಅನ್ನುವುದು ನಿಜ. ನಡುವಿನ ರೂಪಗಳು ಹಳೇ ಪತ್ರಗಳಲ್ಲಿ, ನಾಟಕಗಳಲ್ಲಿ ಸಾಲಾಗಿ ಸಿಗುತ್ತವೆ.

ಹಾಗಾಗಿ ಕೇಳಬೇಕಾದ್ದು ‘ಬರಹದಲ್ಲಿ ಯಾವಾಗ, ಯಾವ ರೂಪದಲ್ಲಿ ಇದೆ’ ಅಂತ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಮಾಡಿದ್ದು ಇದನ್ನೇ. ಸಾವಿರಾರು ಜನ ಪುಸ್ತಕ ಓದಿ, ಪದ ಬಂದ ಸಾಲನ್ನು ಚೀಟಿಯಲ್ಲಿ ಬರೆದು ಕಳಿಸಿದರು. ಮೊದಲ ಕಂತು ಬಂದದ್ದು 1884ರಲ್ಲಿ, ಮುಗಿದದ್ದು 1928ರಲ್ಲಿ. ನಮ್ಮ ಊರಿನದೇ ಉದಾಹರಣೆ ಬೇಕಾ? ಬೆಂಗಳೂರು ‘ಬೆಂದಕಾಳೂರು’ ಅಂತ, ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು ಅಂತ ಶಾಲೆಯಲ್ಲಿ ಕೇಳಿದ್ದೇವೆ. ಆದರೆ 890ರ ಸುಮಾರಿನ ಬೇಗೂರು ಶಾಸನದಲ್ಲೇ ಬೆಂಗಳೂರು ಅನ್ನುವ ಹೆಸರಿದೆ, ಆ ಬಲ್ಲಾಳ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲು. ಅಜ್ಜಿ ಕಾಳು ಕೊಟ್ಟಿರಬಹುದು, ಹೆಸರು ಮಾತ್ರ ಆಗಲೇ ಇತ್ತು.

ಕೊನೆಗೆ ನಿಮ್ಮ ಅಸಲಿ ಅರ್ಥದ ಪ್ರಶ್ನೆ. ಹಳೆಯದೇ ಅಸಲಿ ಅನ್ನುವುದಾದರೆ, ಅವಸರ ಅಂದರೆ ಸಂದರ್ಭ ಅಂತ ಮಾತ್ರ ಬಳಸಬೇಕು, ನಮ್ಮ ಅವಸರಕ್ಕೆ ಬೇರೆ ಪದ ಹುಡುಕಬೇಕು. ಅನುಮಾನ ಅಂದರೆ ತರ್ಕಶಾಸ್ತ್ರದ ಪ್ರಕಾರ ಊಹಿಸಿ ತಿಳಿಯುವುದು, ಗಂಡ ಹೆಂಡತಿ ನಡುವೆ ಬರುವ ಅನುಮಾನವಲ್ಲ. ಇದೆಲ್ಲ ಆಗದ ಮಾತು. ಪದದ ಅರ್ಥ ಅಂದರೆ ಇವತ್ತು ಆಡುವವರೂ ಕೇಳುವವರೂ ಒಪ್ಪಿಕೊಂಡದ್ದು. ಮಗಳು ‘ಸೋ ನೈಸ್’ ಅಂದರೆ 21ನೇ ಶತಮಾನದಲ್ಲಿ ಅದು ಹೊಗಳಿಕೆಯೇ, ಅವಳು 1300ರ ಲೆಕ್ಕದಲ್ಲಿ ಅಂದರೂ ನೀವು ಈಗಿನ ಲೆಕ್ಕದಲ್ಲಿ ಥ್ಯಾಂಕ್ಸ್ ಹೇಳಿಬಿಡಿ.

ಅವಳು ಬಿಡದಿದ್ದರೆ ಇನ್ನೊಂದು ಅಸ್ತ್ರ ಕೊಡುತ್ತೇನೆ. ಆ ಪದದ ಪ್ರಯಾಣ ಇಂಗ್ಲಿಷ್‌ನಲ್ಲಿ ನಿಂತಿಲ್ಲ. ನಾವು ಅದನ್ನು ತಗೊಂಡು ಏನು ಮಾಡಿದ್ದೇವೆ ನೋಡಿ: ‘ದೋಸೆ ಹಿಟ್ಟು ನೈಸಾಗಿ ರುಬ್ಬಬೇಕು’, ‘ಅವನು ನೈಸಾಗಿ ಜಾರಿಕೊಂಡ’, ‘ಅಪ್ಪನಿಗೆ ನೈಸ್ ಮಾಡಿ ಮೊಬೈಲ್ ತಗೊಂಡಳು’. ನುಣ್ಣಗೆ, ಉಪಾಯವಾಗಿ, ಪೂಸಿ ಹೊಡೆದು! ಈ ಮೂರೂ ಇಂಗ್ಲೆಂಡಿನವರಿಗೆ ಗೊತ್ತಿಲ್ಲದ ಅರ್ಥಗಳು. ಮುಂದಿನ ಸಲ ಮಗಳು ನಿಮ್ಮನ್ನು ನೈಸ್ ಅಂದಾಗ, ಇದರಲ್ಲಿ ಯಾವುದು ಅಂತ ಕೇಳಿ.